ಹನ್ನೆರಡು ನಿಮಿಷದ ಕಿವುಡು

“ಕಿವುಡು ಹನ್ನೆರಡು ನಿಮಿಷದಲ್ಲಿ ಬರೋದಿಲ್ಲ ಮೇಡಂ,” ಎಂದಳು ಕಿವಿ ಪರೀಕ್ಷಕಿ ಧನ್ಯಶ್ರೀ.

ಸಬ್ ಇನ್‌ಸ್ಪೆಕ್ಟರ್ ಸುಚಿತಾ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು. ಕುಮಟಾ ಪೇಟೆಯ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ಆ ಕಿವಿ ಪರೀಕ್ಷೆಯ ಕೋಣೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಸೆಕೆ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ್ದರಿಂದ ಹೊರಗಿನ ಒಂದು ಹಾರ್ನೂ ಒಳಗೆ ಬರುತ್ತಿರಲಿಲ್ಲ.

“ಮೊದಲಿಂದ ಹೇಳಿ. ನನಗೆ ತಿಳಿಯೋ ಹಾಗೆ.”

“ನಾಗಿಯಮ್ಮನ ಪರೀಕ್ಷೆ ಆದ ದಿನ ನಾನು ರಜೆಯಲ್ಲಿದ್ದೆ. ನನ್ನ ಬದಲಿಗೆ ಬಂದವರು ಮಾಡಿದ್ದು. ಅವರು ಕೊಟ್ಟ ವರದಿ ನಿಮ್ಮ ಹತ್ತಿರ ಇದೆಯಲ್ಲ?”

ಇತ್ತು. ಆ ಒಂದು ಹಾಳೆಯೇ ಮೂರು ತಿಂಗಳ ಕೆಲಸವನ್ನು ನೀರಿಗೆ ಹಾಕಿತ್ತು. ಆಗಸ್ಟಿನಲ್ಲಿ, ಬೋಟುಗಳು ಮತ್ತೆ ಕಡಲಿಗಿಳಿದ ವಾರ, ಭಟ್ಕಳದ ತೆಂಗಿನಗುಂಡಿಯ ಜೆಟ್ಟಿಯಲ್ಲಿ ಎರಡು ಬೋಟುಗಳ ನಡುವೆ ದೇವರಾಜನ ಹೆಣ ತೇಲಿತ್ತು. ಮೂವತ್ತಾರರ ದೇವರಾಜ ಬೋಟು ನಡೆಸುವ ತಾಂಡೇಲ, ಹುಟ್ಟು ಈಜುಗಾರ. ತಲೆಯ ಹಿಂದೆ ಗಾಯವಿತ್ತು. ಆ ಸಂಜೆ ಅವನ ತಾಯಿ ನಾಗಿ ಹತ್ತೇ ಮಾರು ದೂರದ ಉಪ್ಪುಮೀನಿನ ಶೆಡ್ಡಿನಲ್ಲಿ ಕುಳಿತಿದ್ದಳು. ತಗಡಿನ ಗೋಡೆಯಾಚೆ ಏನೂ ಕಂಡಿರಲಿಲ್ಲ. ಕೇಳಿತ್ತು.

‘ಎರಡು ದನಿ ಕೇಳ್ತು. ಒಂದು ನನ್ನ ಮಗಂದು. ಇನ್ನೊಂದು...’ ಮೊದಲ ದಿನ ಅಷ್ಟು ಹೇಳಿ ನಿಲ್ಲಿಸಿದವಳು ಮತ್ತೆ ಬಾಯಿ ತೆರೆದಿರಲಿಲ್ಲ. ಕರೆದರೆ ತಿರುಗುವುದಿಲ್ಲ, ಕೇಳಿದರೆ ಉತ್ತರವಿಲ್ಲ. ಮುದುಕಿಗೆ ಕಿವಿ ಮಂದ ಎಂದು ಊರಲ್ಲಿ ಮಾತು ಹುಟ್ಟಿತು. ಸಾಕ್ಷಿಗೆ ಕಿವಿಯೇ ಇಲ್ಲವಾದರೆ ಪ್ರಕರಣವೆಲ್ಲಿ? ಪರೀಕ್ಷೆ ಮಾಡಿಸಿ ಎಂದರು ಮೇಲಿನ ಸಾಹೇಬರು. ಏನೂ ಕೇಳಿಸುತ್ತಿಲ್ಲ ಎಂದಿತು ವರದಿ. ಬರುವ ಶುಕ್ರವಾರ ‘ಕಾಲು ಜಾರಿ ಬಿದ್ದು ಸಾವು’ ಎಂದು ಬರೆದು ಕಡತ ಮುಚ್ಚಬೇಕಿತ್ತು.

ಧನ್ಯಶ್ರೀ ಪರದೆಯ ಮೇಲೆ ಬೆರಳಿಟ್ಟಳು. “ನಾಗಿಯಮ್ಮ ಬಾಯಲ್ಲಿ ಉತ್ತರ ಕೊಡ್ತಿರಲಿಲ್ಲ. ಅದಕ್ಕೆ ಉತ್ತರ ಬೇಡದ ಪರೀಕ್ಷೆ ಮಾಡಿದಾರೆ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಸೆಕೆಂಡಿಗೆ ನಲವತ್ತು ಸಲ ಏರಿ ಇಳಿಯೋ ಒಂದು ದನಿಯನ್ನು ಕಿವಿಗೆ ಬಿಡ್ತೇವೆ. ಕೇಳಿಸಿದರೆ ಮಿದುಳಿನ ವಿದ್ಯುತ್ತೂ ಅದೇ ತಾಳಕ್ಕೆ ಸೆಕೆಂಡಿಗೆ ನಲವತ್ತು ಸಲ ಏರಿಳಿಯುತ್ತದೆ.”

“ತಾನಾಗಿಯೇ?”

“ತಾನಾಗಿಯೇ. ದಡದಲ್ಲಿ ಬಲೆ ಎಳೀವಾಗ ಒಬ್ಬ ಕೂಗಿದ ಕೂಗಿಗೆ ಮೂವತ್ತು ಜನ ಒಂದೇ ಸಲ ಎಳೀತಾರಲ್ಲ, ಹಾಗೆ. ಒಟ್ಟಿಗೆ ಎಳೆದರೆ ಮಾತ್ರ ನಮ್ಮ ತಂತಿಗೆ ಸಿಗ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ಏನೂ ಸಿಗೋದಿಲ್ಲ.” ಅವಳು ಗೆರೆಯನ್ನು ಹಿಂದಕ್ಕೆ ಸರಿಸಿದಳು. “ಇದು ಮೊದಲ ನಾಲ್ಕು ನಿಮಿಷ. ನೋಡಿ.”

ಗೆರೆ ಎದ್ದು ನಿಂತಿತ್ತು. ನಲವತ್ತರ ಜಾಗದಲ್ಲಿ ಗೋಪುರದ ಹಾಗೆ ಒಂದು ಮೊನೆ.

“ಇದು ಎಂಟನೇ ನಿಮಿಷ.”

ಮೊನೆ ಅರ್ಧಕ್ಕಿಳಿದಿತ್ತು.

“ಹನ್ನೆರಡು.”

ಮೊನೆಯೇ ಇಲ್ಲ. ಗಾಳಿ ನಿಂತ ಹೊಳೆಯ ಹಾಗೆ ಗೆರೆ ಮಲಗಿತ್ತು.

“ಮೊದಲ ಭಾಗದಲ್ಲಿ ಅವರು ಮಿಸುಕಾಡ್ತಿದ್ದರಂತೆ. ಬದಲಿಗೆ ಬಂದವರು ಅದನ್ನು ಕಸ ಅಂತ ತೆಗೆದು, ಕೊನೆಯ ಭಾಗದ ಮೇಲೆ ವರದಿ ಬರೆದುಬಿಟ್ಟರು. ನಿನ್ನೆ ನಾನು ಹಳೆಯ ದಾಖಲೆ ತಿರುವುತ್ತಿದ್ದಾಗ ಕಣ್ಣಿಗೆ ಬಿತ್ತು. ಕೊನೆಗೆ ಟಿಕ್ ಟಿಕ್ ಸದ್ದು ಬಿಟ್ಟು ಇನ್ನೊಂದು ಪರೀಕ್ಷೆ ಮಾಡಿದಾರೆ. ಅದರಲ್ಲಿ ಕಿವಿಯಿಂದ ಮಿದುಳಿನ ಬುಡದವರೆಗೆ ಸದ್ದು ಸರಿಯಾಗಿ ತಲುಪಿದೆ. ಅದನ್ನು ನೋಡೋ ಗೋಜಿಗೇ ಹೋಗಿಲ್ಲ.”

“ಅಂದರೆ ಸದ್ದು ಬಾಗಿಲವರೆಗೆ ಬಂದಿದೆ.”

“ಬಂದಿದೆ. ಒಳಗೆ ಎದ್ದು ತಾಳ ಹಾಕೋರು ಇರಲಿಲ್ಲ.”

ಸುಚಿತಾ ಪರದೆಯತ್ತ ಬಾಗಿದಳು. “ನಿದ್ದೆ ಬಂದಿರಬಹುದಲ್ಲ? ವಯಸ್ಸಾದವರು. ಭಟ್ಕಳದಿಂದ ಬಸ್ಸಲ್ಲಿ ಬಂದಿದ್ದರು.”

“ಬರೀ ನಿದ್ದೆಗೂ ಇದು ಕುಗ್ಗುತ್ತದೆ. ಇಷ್ಟು ಪೂರ್ತಿ ಅಳಿಸಿಹೋಗೋದು ಕಡಿಮೆ. ಇಲ್ಲಿ ಬದಲಿಯವರು ಬರೆದಿಟ್ಟ ಟಿಪ್ಪಣಿ ಓದಿ.”

‘ಪರೀಕ್ಷೆಯ ನಂತರ ಎಬ್ಬಿಸಲು ಆಗಲಿಲ್ಲ. ಒಂದೂವರೆ ಗಂಟೆ ಮಲಗಿದ್ದರು. ಆಟೋದಲ್ಲಿ ಕಳಿಸಲಾಯಿತು.’

“ನಿದ್ದೆಯ ಮಾತ್ರೆ,” ಎಂದಳು ಸುಚಿತಾ.

“ರಕ್ತ ಪರೀಕ್ಷೆ ಮಾಡಿಲ್ಲ, ಖಚಿತ ಹೇಳಲಾರೆ. ಇದನ್ನು ಕೆಡಿಸೋದಕ್ಕೆ ಅದು ಸಾಕು, ಅಷ್ಟು ಹೇಳಬಲ್ಲೆ. ಹೊಸದಾಗಿ ಪರೀಕ್ಷೆ ಮಾಡಿಕೊಡ್ತೇನೆ, ಕರ್ಕೊಂಡು ಬನ್ನಿ.” ಅವಳು ದನಿ ತಗ್ಗಿಸಿದಳು. “ಅವರಿಗೆ ಕೇಳಿಸ್ತದೆ ಮೇಡಂ. ನಮ್ಮೆಲ್ಲರ ಮಾತೂ ಕೇಳಿಸಿದೆ. ಕಿವುಡಿ ಅಂತ ಅವರೆದುರೇ ಎಷ್ಟು ಜನ ಎಷ್ಟು ಮಾತಾಡಿದಾರೋ.”

ರಿಜಿಸ್ಟರಿನಲ್ಲಿ ನಾಗಿಯ ಹೆಸರಿನ ಪಕ್ಕ, ‘ಜೊತೆಗೆ ಬಂದವರು’ ಎಂಬಲ್ಲಿ ದುಂಡಗಿನ ಅಕ್ಷರದ ಸಹಿಯಿತ್ತು. ವಿಶಾಲ. ದೇವರಾಜನ ಹೆಂಡತಿ.

* * *

ಕೆಳಗೆ ಜೀಪಿನ ನೆರಳಲ್ಲಿ ಹೆಡ್ ಕಾನ್‌ಸ್ಟೆಬಲ್ ಅಣ್ಣಪ್ಪ ಕಾಯುತ್ತಿದ್ದ. ಸುಚಿತಾ ಬರುವುದು ಕಂಡು ಅಂಗಡಿಯಿಂದ ತಂದಿಟ್ಟ ಮಜ್ಜಿಗೆಯ ಲೋಟ ಮುಂದೆ ಮಾಡಿದ.

“ಕುಡೀರಿ ಮೇಡಂ. ಬೆಳಿಗ್ಗಿಂದ ಎಂತದೂ ತಿಂದಿಲ್ಲ ನೀವು.”

ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ ಮನುಷ್ಯ. ತರಬೇತಿ ಮುಗಿಸಿ ಬಂದ ಸುಚಿತಾಗೆ ಠಾಣೆಯ ಕೆಲಸವನ್ನು ಕೈಹಿಡಿದು ಕಲಿಸಿದವನು ಅವನೇ. ಹೆಣ ನೋಡಿ ಅವಳು ಮೊದಲ ಸಲ ವಾಂತಿ ಮಾಡಿಕೊಂಡಾಗ ಬೆನ್ನು ತಿರುಗಿಸಿ ನಿಂತು, ಯಾರೂ ನೋಡದ ಹಾಗೆ ಮರೆ ಮಾಡಿದವನು. ಕಳೆದ ವರ್ಷ ಅವಳ ತಂದೆ ಮಾವಿನಕುರ್ವೆಯಲ್ಲಿ ತೀರಿಕೊಂಡಾಗ ಗಂಡುಮಕ್ಕಳಿಲ್ಲದ ಆ ಮನೆಯ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ಎಲ್ಲರೆದುರು ‘ಅಣ್ಣಪ್ಪನವರೇ’ ಎನ್ನುವ ಸುಚಿತಾ, ಇಬ್ಬರೇ ಇದ್ದಾಗ ‘ಅಣ್ಣಪ್ಪಣ್ಣ’ ಎನ್ನುತ್ತಿದ್ದಳು.

ಜೀಪು ಹೊನ್ನಾವರ ದಾಟಿತು. ಶರಾವತಿಯ ಸೇತುವೆಯ ಮೇಲೆ ಬಂದಾಗ ರೂಢಿಯಂತೆ ಕಣ್ಣು ಮಾವಿನಕುರ್ವೆಯ ತೆಂಗಿನ ಸಾಲಿನ ಕಡೆ ಹೋಯಿತು. ಅಪ್ಪ ಸಾಯುವ ಮುಂಚಿನ ವಾರ ಫೋನಿನಲ್ಲಿ ಏನೋ ಹೇಳಲು ಹೊರಟಿದ್ದ. ಬಂದೋಬಸ್ತಿನಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟಿದ್ದಳು.

“ನಾಗಿಯಮ್ಮಂಗೆ ಕಿವಿ ಕೇಳಿಸ್ತದೆ ಅಣ್ಣಪ್ಪಣ್ಣ.”

ಸ್ಟೇರಿಂಗಿನ ಮೇಲಿನ ಅವನ ಕೈ ಕದಲಲಿಲ್ಲ. “ಹೌದನಾ?”

“ವಿಶಾಲ ಮಾತ್ರೆ ಕೊಟ್ಟು ಕರೆದೊಯ್ದಿದ್ದಾಳೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಸತ್ತದ್ದು ಅವಳ ಗಂಡ.”

ಅಣ್ಣಪ್ಪ ಎದುರಿನ ಲಾರಿಗೆ ದಾರಿ ಬಿಟ್ಟುಕೊಟ್ಟ. “ಅವಳ ತಮ್ಮ ಸಂತೋಷ ಇದಾನಲ್ಲ. ಆ ವಾರ ದೇವರಾಜ ಅವನ್ನ ಬೋಟಿಂದ ಇಳಿಸಿ, ಜೆಟ್ಟಿ ಮೇಲೆ ಎಲ್ಲರೆದುರು ಕೆನ್ನೆಗೆ ಹೊಡೆದಿದ್ದ. ಕುಡಿದು ಕೆಲಸಕ್ಕೆ ಬರ್ತಾನೆ ಅಂತ. ಈಗ ಮಲ್ಪೆಗೆ ಹೋಗಿ ಕುಂತಿದಾನೆ. ಒಡಹುಟ್ಟಿದವನು. ಹೆಣ್ಣುಮಕ್ಕಳ ಕರುಳು, ಮೇಡಂ.”

ಸಂತೋಷನನ್ನು ಸುಚಿತಾ ಎರಡು ಸಲ ವಿಚಾರಿಸಿದ್ದಳು. ಆ ಸಂಜೆ ಪೇಟೆಯಲ್ಲಿದ್ದೆ ಎಂದಿದ್ದ. ನೋಡಿದೆ ಎನ್ನುವವರು ಯಾರೂ ಸಿಕ್ಕಿರಲಿಲ್ಲ, ಇಲ್ಲ ಎನ್ನುವವರೂ ಸಿಕ್ಕಿರಲಿಲ್ಲ.

* * *

ತೆಂಗಿನಗುಂಡಿಯಲ್ಲಿ ನಾಗಿಯ ಮನೆ ಜೆಟ್ಟಿಗೆ ಹೋಗುವ ದಾರಿಯಲ್ಲೇ ಇತ್ತು. ಹಂಚಿನ ಸಣ್ಣ ಮನೆ, ಮುಂದೆ ಗಾರೆಯ ಜಗಲಿ. ಗೋಡೆಯ ಮೇಲೆ ದೇವರಾಜನ ಫೋಟೋ. ಅದಕ್ಕೆ ಹಾಕಿದ ಹೂವು ಅಂದಿನದ್ದೇ.

ಅಣ್ಣಪ್ಪ ಎಂದಿನಂತೆ ಬೂಟು ಬಿಚ್ಚಲು ಬಗ್ಗಿದ. ಸುಚಿತಾ ತಡೆದಳು.

“ನೀವು ಜೀಪಿನ ಹತ್ತಿರ ಇರಿ. ಹೆಂಗಸರ ಮಾತು. ನಾನೊಬ್ಬಳೇ ಕೇಳ್ತೇನೆ.”

“ನಂಗೆ ಗುರ್ತದ ಮನೆ ಮೇಡಂ, ನಾನಿದ್ರೆ...”

“ಇರಲಿ.”

ಒಳಗೆ ವಿಶಾಲ ಮೀನು ಕೊಯ್ಯುತ್ತಿದ್ದಳು. ಗಂಡ ಹೋದ ಮೇಲೆ ಅತ್ತೆಯ ಬುಟ್ಟಿ ಅವಳ ತಲೆಗೆ ಬಂದಿತ್ತು. ಬೆಳಿಗ್ಗೆ ಮಾರಿ ಉಳಿದ ನಾಲ್ಕು ಬಂಗಡೆ ಮಧ್ಯಾಹ್ನದ ಸಾರಿಗೆ. ಪೊಲೀಸರನ್ನು ಕಂಡು ಕೈ ತೊಳೆದು ಎದ್ದಳು. ಒಳಕೋಣೆಯ ಹೊಸಿಲಲ್ಲಿ ನಾಗಿ ಗೋಡೆಗೊರಗಿ, ಯಾವ ಕಡೆಗೂ ನೋಡದೆ ಕುಳಿತಿದ್ದಳು.

ಸುಚಿತಾ ಸುತ್ತು ಬಳಸಲಿಲ್ಲ. “ಕುಮಟಾಕ್ಕೆ ಹೋದ ದಿನ ಅತ್ತೆಗೆ ಎಷ್ಟು ಮಾತ್ರೆ ಕೊಟ್ಟಿ ವಿಶಾಲ?”

ವಿಶಾಲ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಎಂತ ಮಾತ್ರೆ?”

“ನಿನ್ನ ನಿದ್ದೆಯ ಮಾತ್ರೆ. ದೇವರಾಜ ಹೋದ ಮೇಲೆ ಡಾಕ್ಟರು ಬರೆದುಕೊಟ್ಟದ್ದು. ಚೀಟಿ ನೋಡಿದ್ದೇನೆ. ದಿನಕ್ಕೊಂದು ಅಂತ ಇತ್ತು.”

“ನಂಗೆ ಗೊತ್ತಿಲ್ಲೆ ಮೇಡಂ.”

“ತಂತಿ ಅಂಟಿಸಿದ ಮೊದಲ ನಾಲ್ಕು ನಿಮಿಷ ಅವರಿಗೆ ಸರಿಯಾಗಿ ಕೇಳಿದೆ. ಹನ್ನೆರಡನೇ ನಿಮಿಷಕ್ಕೆ ಏನೂ ಇಲ್ಲ. ಯಂತ್ರದಲ್ಲಿ ಎಲ್ಲ ಉಳಿದಿದೆ. ಕಿವುಡು ಹಾಗೆ ಬರೋದಿಲ್ಲ.” ಸುಚಿತಾ ಅವಳೆದುರು ನೆಲದ ಮೇಲೇ ಕುಳಿತಳು. “ನೋಡು, ನಾನು ನಿನ್ನ ಮೇಲೆ ಕೇಸು ಹಾಕೋಕೆ ಬಂದದ್ದಲ್ಲ. ಶುಕ್ರವಾರ ನಿನ್ನ ಗಂಡ ಕಾಲು ಜಾರಿ ಸತ್ತ ಅಂತ ಬರೆದುಬಿಡ್ತಾರೆ. ನಿನಗೆ ಅದೇ ಬೇಕಾಗಿತ್ತಾ?”

ವಿಶಾಲ ತನ್ನ ಅಂಗೈ ನೋಡಿಕೊಂಡಳು. ಮೀನಿನ ಪೊರೆ ಇನ್ನೂ ಅಂಟಿಕೊಂಡಿತ್ತು.

“ಮೂರು,” ಎಂದಳು. “ಬಸ್‌ಸ್ಟ್ಯಾಂಡಲ್ಲಿ ಚಾ ಕುಡಿಸಿದೆ, ಕುಮಟಾದಲ್ಲಿ ಇಳಿದ ಮೇಲೆ. ಅದ್ರಲ್ಲಿ ಪುಡಿ ಮಾಡಿ ಹಾಕಿದ್ದೆ.”

“ಯಾಕೆ?”

“ಅತ್ತೆಗೆ ಕೇಳ್ಸಿದ್ದು ನನ್ನ ತಮ್ಮನ ದನಿ ಅಂತ... ಕೋರ್ಟಲ್ಲಿ ನಿಂತು ಅವನ ಹೆಸರು ಹೇಳ್ತಾರೆ ಅಂತ. ಅಪ್ಪ ಸತ್ತಾಗ ಅವ ಇಷ್ಟುದ್ದ ಇದ್ದ ಮೇಡಂ. ನಾನೇ ಉಣ್ಸಿ ಬೆಳ್ಸಿದ್ದು. ಗಂಡ ಹೋದ. ಇವನೂ ಜೈಲಿಗೆ ಹೋದ್ರೆ ನಂಗೆ ಯಾರಿದಾರೆ? ಅವನೇ ಮಾಡಿದ್ರೆ ಮಾಡ್ಲಿ, ಸಿಕ್ಕಿಹಾಕ್ಕೊಳ್ಳೂದು ಬೇಡ ಅಂತ ದೇವರ ಹತ್ರ ಕೇಳ್ಕೊಂಡೆ. ನನ್ನ ಗಂಡನ ಫೋಟೋದೆದುರೇ ನಿಂತ್ಕೊಂಡು ಕೇಳ್ಕೊಂಡೆ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ಸದ್ದಿಲ್ಲದೆ ಮೈಯನ್ನೆಲ್ಲ ಅಲುಗಿಸಿತು.

ಆಗ ಹೊಸಿಲಿನಿಂದ ದನಿ ಬಂತು. ಮೂರು ತಿಂಗಳು ಬಳಸದೆ ತುಕ್ಕು ಹಿಡಿದಂಥ ದನಿ.

“ಕಹಿ ಇತ್ತು ಆ ಚಾ.”

ಇಬ್ಬರೂ ತಿರುಗಿದರು. ನಾಗಿ ಸೊಸೆಯನ್ನೇ ನೋಡುತ್ತಿದ್ದಳು.

“ಮೊದಲ ಗುಟುಕಿಗೇ ತಿಳೀತು. ನಾನು ವಿಷ ಅಂದ್ಕೊಂಡೆ ವಿಶಾಲ.”

“ಅತ್ತೆ...”

“ಅಂದ್ಕೊಂಡೇ ಕುಡಿದೆ. ಮಗ ಹೋದ. ಸೊಸೆಗೂ ನಾನು ಬೇಡವಾದೆ. ಇನ್ನೆಂತಕ್ಕೆ ಅಂತ ಪೂರಾ ಕುಡಿದೆ. ಆ ಕೋಣೆಯಲ್ಲಿ ತಂತಿ ಅಂಟಿಸುವಾಗ, ಹೋಗುವ ದಾರಿ ಇಷ್ಟು ತಣ್ಣಗೆ ಇರ್ತದೆ ಅಂತ ಗೊತ್ತಿರಲಿಲ್ಲ ಅಂದ್ಕೊಳ್ತಾ ಇದ್ದೆ. ಎಚ್ಚರಾದಾಗ ನಿನ್ನ ಮಡಿಲಲ್ಲಿ ತಲೆ ಇತ್ತು. ಆಟೋದಲ್ಲಿ. ನೀನು ಅಳ್ತಾ ನನ್ನ ಕಾಲು ತಿಕ್ತಾ ಇದ್ದೆ. ಆಗ ಗೊತ್ತಾತು, ವಿಷ ಅಲ್ಲ ಅಂತ.”

ವಿಶಾಲ ಮೊಣಕಾಲಲ್ಲೇ ಸರಿದು ಹೋಗಿ ಅತ್ತೆಯ ಕಾಲ ಮೇಲೆ ತಲೆಯಿಟ್ಟಳು. ನಾಗಿ ಕೈ ಎತ್ತಿದಳು, ತುಸು ತಡೆದಳು, ಆಮೇಲೆ ಸೊಸೆಯ ತಲೆಗೂದಲಲ್ಲಿ ಬೆರಳು ಇಳಿಸಿದಳು.

ಸುಚಿತಾ ಗೋಡೆಯ ಕಡೆ ನೋಡಿದಳು. ಕೇಳಲೇಬೇಕಾದ ಪ್ರಶ್ನೆ ನಾಲಿಗೆಯ ಮೇಲಿತ್ತು, ಕೇಳಲು ಮನಸ್ಸಿರಲಿಲ್ಲ.

“ಅಮ್ಮ,” ಎಂದಳು ಕೊನೆಗೆ. “ಅದು ಸಂತೋಷನ ದನಿಯಾ?”

ನಾಗಿ ಅಡ್ಡಡ್ಡ ತಲೆಯಾಡಿಸಿದಳು. “ಅಲ್ಲ. ಸಂತೋಷನ ದನಿ ಆ ದಿನ ನಾನು ಕೇಳೇ ಇಲ್ಲ.”

ವಿಶಾಲ ಥಟ್ಟನೆ ತಲೆ ಎತ್ತಿದಳು. “ಹಂಗಾದ್ರೆ ನಂಗೆ ಯಾಕೆ ಹಂಗೆ ಹೇಳಿದ್ರು?”

“ಯಾರು ಹೇಳಿದರು?” ಸುಚಿತಾ ಕೇಳಿದಳು.

“ನಿಮ್ಮ ಅಣ್ಣಪ್ಪಣ್ಣ. ಪರೀಕ್ಷೆಗೆ ಮೂರು ದಿನ ಮೊದಲು ಬಂದಿದ್ರು. ಮುದುಕಿಗೆ ಕೇಳ್ಸಿದ್ದು ನಿನ್ನ ತಮ್ಮನ ದನಿ, ಕಿವಿ ಸರಿ ಇದೆ ಅಂತ ಬರೆದ್ರೆ ಅವ ಒಳಗೆ ಹೋಗೂದೇ, ನಿನ್ನ ಮಾತ್ರೆ ಅದೆಯಲ್ಲ ಅಂದ್ರು. ಒಳ್ಳೇದಕ್ಕೇ ಹೇಳ್ತಾರೆ ಅಂತ ತಿಳ್ಕೊಂಡೆ.”

ಕೆಲವು ಕ್ಷಣ ಸುಚಿತಾಗೆ ಆ ಮಾತಿನ ಅರ್ಥ ಹೊಳೆಯಲಿಲ್ಲ. ಹೊಳೆದ ಮೇಲೂ ಮನಸ್ಸು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾಗಿ ಯಾರ ಹೆಸರನ್ನೂ ಹೇಳಿರಲಿಲ್ಲ. ಹಾಗಿರುವಾಗ ಅದು ಸಂತೋಷನ ದನಿಯೆಂದು ಅಣ್ಣಪ್ಪ ಹೇಳಿದ್ದು ಯಾವ ಆಧಾರದ ಮೇಲೆ?

ಮೊದಲ ದಿನದ ವಿಚಾರಣೆ ನೆನಪಾಯಿತು. ‘ಇನ್ನೊಂದು...’ ಎಂದು ನಾಗಿ ತಡೆದಾಗ ಹಿಂದಿನ ಬಾಗಿಲಿನಿಂದ ಅಣ್ಣಪ್ಪ ಒಳಗೆ ಬಂದಿದ್ದ. ಕೈಯಲ್ಲಿ ಅವಳಿಗೆಂದೇ ತಂದ ನೀರಿನ ಚೊಂಬಿತ್ತು. ‘ಕುಡೀರಿ ಅಮ್ಮ, ಸುಧಾರಿಸ್ಕಳಿ,’ ಎಂದಿದ್ದ. ಆಮೇಲಿನ ಪ್ರತಿ ಭೇಟಿಯಲ್ಲೂ ಅವನು ಈ ಮನೆಯ ಬಾಗಿಲಲ್ಲಿ ನಿಂತಿದ್ದ.

“ಅಮ್ಮ,” ಅವಳ ದನಿ ತನಗೇ ಬೇರೆ ಯಾರದ್ದೋ ಎನಿಸಿತು, “ಇವತ್ತಿನವರೆಗೆ ಯಾಕೆ ಹೇಳಲಿಲ್ಲ?”

“ಹ್ಯಾಂಗೆ ಹೇಳೂದು ಮಗಾ? ನೀನು ಒಬ್ಬಳೇ ಬಂದದ್ದು ಇವತ್ತೇ.”

ಹಂಚಿನ ಸಂದಿನಿಂದ ಬಿಸಿಲಿನ ಕೋಲು ನೆಲಕ್ಕೆ ಬಿದ್ದಿತ್ತು. ಸುಚಿತಾ ಅದನ್ನೇ ನೋಡುತ್ತ ಕುಳಿತಳು. ತಂದೆಯ ಚಟ್ಟದ ಬಲಗಡೆಯ ಹೆಗಲು ಕಣ್ಣಿಗೆ ಕಟ್ಟಿತು, ಬೆವರಿಗೆ ಒದ್ದೆಯಾದ ಆ ಬಿಳಿ ಅಂಗಿ.

“ಏನು ಹೇಳ್ತಿತ್ತು ಆ ದನಿ?”

“‘ಬಿಡು ದೇವರಾಜ, ಮನೆಗೆ ಹೋಗು’ ಅಂತ. ಎರಡು ಮೂರು ಸಲ. ಸಿಟ್ಟಲ್ಲಿ ಅಲ್ಲ. ಬೇಡ್ಕೊಂಡ ಹಂಗೆ. ಆಮೇಲೆ ಎಂತದೋ ಬಿದ್ದ ಸದ್ದು. ನಾನು ಬುಟ್ಟಿ ಬಿದ್ದದ್ದು ಅಂದ್ಕೊಂಡೆ.” ನಾಗಿಯ ಕಣ್ಣು ಒಣಗಿಯೇ ಇತ್ತು. “ನನ್ನ ಮಗ ನೀರಿಗೆ ಬಿದ್ದ ಸದ್ದು ಅದು. ನಾನು ಮೀನಿಗೆ ಉಪ್ಪು ಹಾಕ್ತಾ ಇದ್ದೆ.”

ಸುಚಿತಾ ಎದ್ದಳು. ಮೊದಲು ಇವರಿಬ್ಬರನ್ನೂ ಇಲ್ಲಿಂದ ಸಾಗಿಸಬೇಕು. ಸಾಹೇಬರಿಗೆ ಫೋನು ಮಾಡಬೇಕು. ಅಲ್ಲಿಯವರೆಗೆ ಅಣ್ಣಪ್ಪನಿಗೆ ಏನೂ ತಿಳಿಯಬಾರದು. ಜೀಪಿನಲ್ಲಿ ಅವನ ಪಕ್ಕದಲ್ಲೇ ಕುಳಿತು, ಏನೂ ಆಗದವಳ ಹಾಗೆ ಠಾಣೆಗೆ ಹೋಗಬೇಕು. ಅವಳು ಕಣ್ಣೊರೆಸಿಕೊಂಡು ಅರ್ಧ ಮುಚ್ಚಿದ್ದ ಬಾಗಿಲನ್ನು ಎಳೆದಳು.

ಅಣ್ಣಪ್ಪ ಜೀಪಿನ ಬಳಿ ಇರಲಿಲ್ಲ. ಬಾಗಿಲಿನ ಪಕ್ಕದಲ್ಲೇ, ಜಗಲಿಯ ಮೇಲೆ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ಮುಖ ನೋಡಿದರೆ ಎಲ್ಲವನ್ನೂ ಕೇಳಿದ್ದಾನೆಂದು ತಿಳಿಯುತ್ತಿತ್ತು.

“ಓಡಿ ಹೋಗೂ ವಯಸ್ಸಲ್ಲ ಮೇಡಂ,” ಎಂದ. ಕಣ್ಣು ಕೆಂಪಾಗಿತ್ತು. “ದನಿ ನಂದೇ. ಅಮ್ಮ ಹೇಳಿದ್ದು ಸರಿ.”

ಸುಚಿತಾ ಹೊಸಿಲಲ್ಲೇ ನಿಂತಳು. “ಯಾಕೆ ಅಣ್ಣಪ್ಪಣ್ಣ?”

“ನೂಕಿದ ಕೈ ನಂದಲ್ಲ.” ಅವನು ಅವಳತ್ತ ನೋಡಲಿಲ್ಲ. “ಅಲ್ಲಿ ಇನ್ನೊಬ್ಬ ಇದ್ದ. ಅವ ಬಂದಾಗಿಂದ ಹೋಗುವವರೆಗೆ ಒಂದು ಶಬ್ದ ಆಡ್ಲಿಲ್ಲ. ಬಾಯಿ ಬಿಡದವ ತಗಡಿನಾಚೆಗೆ ಅಮ್ಮಂಗೆ ಹ್ಯಾಂಗೆ ಕೇಳ್ಬೇಕು?”

“ಯಾರು?”

“ಹೇಳ್ತೆ. ಠಾಣೆಗೆ ಹೋಗುವ, ಎಲ್ಲ ಬರ್ಕೊಡ್ತೆ. ಈ ಮನೆಯಲ್ಲಿ ಬೇಡ.” ಅವನ ಕಣ್ಣು ಒಂದು ಗಳಿಗೆ ಸುಚಿತಾಳ ಭುಜದ ಮೇಲಿನಿಂದ ಒಳಗಿದ್ದ ವಿಶಾಲಳ ಮೇಲೆ ನಿಂತು, ಕೂಡಲೇ ನೆಲಕ್ಕೆ ಇಳಿಯಿತು. “ಇವರೆದುರಿಗೆ ಬೇಡ ಮೇಡಂ.”

ಸುಚಿತಾ ಹಿಂತಿರುಗುವಷ್ಟರಲ್ಲಿ ವಿಶಾಲ ಅವಳನ್ನು ದಾಟಿಕೊಂಡು ಜಗಲಿಗೆ ಬಂದಿದ್ದಳು. ಮೆಟ್ಟಿಲಿಗೆ ಅಡ್ಡವಾಗಿ ನಿಂತಳು. ಈಗ ಅಳುತ್ತಿರಲಿಲ್ಲ.

“ನನ್ನೆದುರಿಗೇ ಹೇಳಿ,” ಎಂದಳು.